ಹಳೆಯ ಜೀಪು, ಪಿಕಪ್ಪುಗಳ ಆಕ್ಸಲ್ ಏಕೆ ಮುರಿಯುತ್ತದೆ?

ಮಲೆನಾಡಿನ ಸಣ್ಣ ಬೆಳೆಗಾರನಿಗೆ ಹಳೆಯ ಜೀಪಾಗಲಿ ಪಿಕಪ್ಪಾಗಲಿ ಶೋಕಿಯ ವಸ್ತುವಲ್ಲ. ಗೊಬ್ಬರ ತರುವುದು, ಕಾಫಿ ಹಣ್ಣನ್ನು ಪಲ್ಪರ್‌ಗೆ ಮುಟ್ಟಿಸುವುದು, ಅಡಿಕೆ ಗೊನೆಯನ್ನು ಅಂಗಳಕ್ಕೆ ತರುವುದು, ರಾತ್ರಿ ಹೊತ್ತು ಕಾಯಿಲೆಯವರನ್ನು ಪೇಟೆಯ ಆಸ್ಪತ್ರೆಗೆ ಒಯ್ಯುವುದು, ಎಲ್ಲವೂ ಅದರಿಂದಲೇ ಆಗಬೇಕು. ಇಂಥ ಗಾಡಿ ಕೊಯ್ಲಿನ ನಡುವೆ ಆಕ್ಸಲ್ ಮುರಿದುಕೊಂಡು ನಿಂತರೆ ಆಗುವ ನಷ್ಟ ಗ್ಯಾರೇಜಿನ ಬಿಲ್ಲಿಗೆ ಮುಗಿಯುವುದಿಲ್ಲ. ಚೀಲದಲ್ಲಿ ಉಳಿದ ಹಣ್ಣು ಬಿಸಿಯಾಗಿ ಹುಳಿಯುತ್ತದೆ, ಬಂದ ಆಳುಗಳು ಕೆಲಸವಿಲ್ಲದೆ ಕೂರುತ್ತಾರೆ. ಇಳಿಜಾರಿನಲ್ಲಿ ಮುರಿದರಂತೂ ಜೀವಕ್ಕೇ ಸಂಚಕಾರ. ಆದುದರಿಂದ ಈ ಭಾಗಗಳು ಏಕೆ ಕೆಡುತ್ತವೆ, ಕೆಡುವ ಮುನ್ನ ಏನು ಸೂಚನೆ ಕೊಡುತ್ತವೆ, ನಾವೇ ಮಾಡಿಕೊಳ್ಳಬಹುದಾದ ತಪಾಸಣೆ ಯಾವುದು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಶಕ್ತಿ ಸಾಗುವ ದಾರಿ

ಎಂಜಿನ್ನಿನ ತಿರುಗುವ ಬಲ ಕ್ಲಚ್ಚಿನ ಮೂಲಕ ಗೇರ್ ಬಾಕ್ಸಿಗೆ ಬರುತ್ತದೆ. ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯಲ್ಲಿ ಅಲ್ಲಿಂದ ಟ್ರಾನ್ಸ್‌ಫರ್ ಕೇಸ್ ಎಂಬ ಎರಡನೆಯ ಪೆಟ್ಟಿಗೆಗೆ ಹೋಗಿ, ಹಿಂದಕ್ಕೂ ಮುಂದಕ್ಕೂ ಹಂಚಿಕೆಯಾಗುತ್ತದೆ. ಬಳಿಕ ಪ್ರೊಪೆಲ್ಲರ್ ಶಾಫ್ಟ್ ಅದನ್ನು ಹೌಸಿಂಗಿನೊಳಗಿನ ಡಿಫರೆನ್ಶಿಯಲ್ಲಿಗೆ ಮುಟ್ಟಿಸುತ್ತದೆ. ಅಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ ಕ್ರೌನ್ ಎಂಬ ದೊಡ್ಡದನ್ನು ತಿರುಗಿಸುತ್ತದೆ. ಕ್ರೌನಿನಿಂದ ಎಡಕ್ಕೊಂದು ಬಲಕ್ಕೊಂದು ಆಕ್ಸಲ್ ಶಾಫ್ಟುಗಳು ಚಕ್ರದವರೆಗೆ ಹೋಗುತ್ತವೆ.

ಈ ದಾರಿಯಲ್ಲಿ ವೇಗ ಕಡಿಮೆಯಾದಷ್ಟೂ ತಿರುಚುವ ಬಲ ಹೆಚ್ಚುತ್ತದೆ. ನಮ್ಮ ಕಡೆ ಬಹುಕಾಲ ಓಡಿದ ವಿಲ್ಲಿಸ್ ಸಿಜೆ-3ಬಿ ಮಾದರಿಯ ಜೀಪನ್ನೇ ನೋಡಿ. ಅದರ ಒಂದನೇ ಗೇರಿನ ಅನುಪಾತ ಸುಮಾರು 2.8, ಟ್ರಾನ್ಸ್‌ಫರ್ ಕೇಸಿನ ಲೋ ಗೇರು ಸುಮಾರು 2.4, ಕ್ರೌನ್ ಪಿನಿಯನ್ 5.38. ಈ ಮೂರನ್ನೂ ಗುಣಿಸಿದರೆ 36ರಷ್ಟಾಗುತ್ತದೆ. ಎಂದರೆ ಎಂಜಿನ್ 36 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಸುತ್ತುತ್ತದೆ. ಘರ್ಷಣೆಯಲ್ಲಿ ಕಳೆಯುವುದನ್ನು ಬಿಟ್ಟರೆ ಎಂಜಿನ್ನಿನ ಬಲ ಅಷ್ಟೇ ಪಟ್ಟು ಹೆಚ್ಚಾಗಿ ಚಕ್ರದ ಕಡೆಗೆ ಬರುತ್ತದೆ. ಕೆಸರಿನ ಏರಿನಲ್ಲಿ ಗಾಡಿ ಹತ್ತುವುದು ಈ ಗುಣಾಕಾರದಿಂದಲೇ, ಕಬ್ಬಿಣದ ಶಾಫ್ಟು ತುಂಡಾಗುವುದೂ ಇದರಿಂದಲೇ.

ಮುರಿಯುವುದು ಆ ದಿನದ ಹೊರೆಯಿಂದಲ್ಲ

ಆಕ್ಸಲ್ ಮುರಿದಾಗ ಆ ದಿನ ಹೇರಿದ್ದ ಚೀಲಗಳನ್ನೋ, ಗಾಡಿ ಓಡಿಸಿದವನನ್ನೋ ದೂರುವುದು ವಾಡಿಕೆ. ನಿಜವಾಗಿ ನೋಡಿದರೆ ಬಹಳ ಸಲ ಶಾಫ್ಟು ತಿಂಗಳುಗಳ ಮೊದಲೇ ಸೀಳು ಬಿಟ್ಟಿರುತ್ತದೆ. ಬೇಲಿ ತಂತಿಯನ್ನು ಒಮ್ಮೆ ಬಗ್ಗಿಸಿದರೆ ತುಂಡಾಗುವುದಿಲ್ಲ. ಅತ್ತಿತ್ತ ಹತ್ತಾರು ಸಲ ಬಗ್ಗಿಸಿದರೆ ತುಂಡಾಗುತ್ತದೆ. ಶಾಫ್ಟಿನದೂ ಇದೇ ಕತೆ. ಹಲ್ಲುಗೆರೆ ಮುಗಿಯುವ ಜಾಗದಲ್ಲಿ, ಬೇರಿಂಗ್ ಕೂರುವ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಹುಟ್ಟುತ್ತದೆ. ಪ್ರತಿ ಎಳೆತಕ್ಕೂ ಅದು ಸ್ವಲ್ಪ ಸ್ವಲ್ಪವೇ ಒಳಕ್ಕೆ ಸರಿಯುತ್ತದೆ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಹೊರಗೆ ಹಸಿರಾಗಿಯೇ ಇದ್ದು, ಒಂದು ದಿನ ಕೈಯಿಂದ ಜಗ್ಗಿದರೆ ಲಟಕ್ಕನೆ ಮುರಿಯುವುದನ್ನು ನಾವೆಲ್ಲ ನೋಡಿದ್ದೇವೆ.

ಮುರಿದ ತುಂಡನ್ನು ಗುಜರಿಗೆ ಹಾಕುವ ಮುನ್ನ ಅದರ ಮುಖವನ್ನು ನೋಡಬೇಕು. ಒಂದು ಭಾಗ ನುಣುಪಾಗಿ, ಕಪ್ಪಾಗಿ ಅಥವಾ ತುಕ್ಕು ಹಿಡಿದಿದ್ದು, ಉಳಿದದ್ದು ಹೊಸದಾಗಿ ಹೊಳೆಯುತ್ತಿದ್ದರೆ ಸೀಳು ಹಳೆಯದೆಂದು ತಿಳಿಯಬೇಕು. ಹಾಗಿದ್ದಲ್ಲಿ ಇನ್ನೊಂದು ಬದಿಯ ಶಾಫ್ಟೂ ಅಷ್ಟೇ ದುಡಿದಿರುತ್ತದೆ. ಅದನ್ನೂ ತೆಗೆಸಿ ನೋಡುವುದು ಒಳಿತು. ಇಡೀ ಮುಖ ಹೊಸದಾಗಿದ್ದರೆ ಒಂದೇ ಹೊಡೆತಕ್ಕೆ ಮುರಿದಿದೆ ಎಂದರ್ಥ.

ಅಂಥ ಹೊಡೆತ ಬೀಳುವ ಸಂದರ್ಭ ಸಾಮಾನ್ಯವಾಗಿ ಒಂದೇ. ಚಕ್ರ ಕೆಸರಿನಲ್ಲಿ ರೊಯ್ಯನೆ ಸುತ್ತುತ್ತಿರುತ್ತದೆ, ಓಡಿಸುವವರು ಆಕ್ಸಿಲರೇಟರ್ ತುಳಿದೇ ಇರುತ್ತಾರೆ, ಅಷ್ಟರಲ್ಲಿ ಚಕ್ರಕ್ಕೆ ಕಲ್ಲೋ ಬೇರೋ ಸಿಕ್ಕಿ ಥಟ್ಟನೆ ಹಿಡಿಯುತ್ತದೆ. ಸುತ್ತುತ್ತಿದ್ದ ಎಲ್ಲ ಭಾಗಗಳ ರಭಸವೂ ಆ ಕ್ಷಣದಲ್ಲಿ ಒಂದು ಶಾಫ್ಟಿನ ಮೇಲೆ ಬೀಳುತ್ತದೆ. ಆದುದರಿಂದ ಚಕ್ರ ಜಾರತೊಡಗಿದ ಕೂಡಲೇ ಕಾಲು ತೆಗೆಯಬೇಕು. ಇಳಿದು ಕಲ್ಲು, ಸೊಪ್ಪು, ಅಡಿಕೆ ದಬ್ಬೆ ಹಾಕಿ ನಿಧಾನವಾಗಿ ಎತ್ತಬೇಕು. ಹತ್ತು ನಿಮಿಷದ ತಾಳ್ಮೆ ಒಂದು ಶಾಫ್ಟನ್ನು ಉಳಿಸುತ್ತದೆ.

ಇಳಿಜಾರಿನಲ್ಲಿ ಆಗುವ ಅನಾಹುತ

ಹಿಂದಿನ ಆಕ್ಸಲ್ ಎರಡು ಬಗೆಯದು. ಒಂದರಲ್ಲಿ ಗಾಡಿಯ ಭಾರವನ್ನು ಹೌಸಿಂಗಿನ ಕೊಳವೆಯ ಮೇಲೆ ಕೂತ ಹಬ್ ಹೊರುತ್ತದೆ. ಶಾಫ್ಟಿನ ಕೆಲಸ ತಿರುಗಿಸುವುದು ಮಾತ್ರ. ಶಾಫ್ಟು ಮುರಿದರೂ ಚಕ್ರ ಸ್ಥಳದಲ್ಲೇ ಇರುತ್ತದೆ. ಚಕ್ರದ ನಡುವೆ ಹಬ್ ಹೊರಚಾಚಿ, ಅದರ ಮುಖದ ಸುತ್ತ ಬೋಲ್ಟುಗಳಿದ್ದರೆ ಅದು ಈ ಬಗೆಯದೆಂದು ಗುರುತಿಸಬಹುದು. ಇನ್ನೊಂದರಲ್ಲಿ ಶಾಫ್ಟೇ ತಿರುಗಿಸುವುದರ ಜೊತೆಗೆ ಭಾರವನ್ನೂ ಹೊರುತ್ತದೆ. ಹಳೆಯ ಜೀಪುಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಶಾಫ್ಟಿನ ತುದಿ ಮೊನಚಾಗಿ ಸಾಗಿ, ಹಬ್ಬನ್ನು ಒಂದು ಕೀಲಿ ಮತ್ತು ನಡುವಿನ ಒಂದು ದೊಡ್ಡ ನಟ್ಟು ಹಿಡಿದಿರುತ್ತವೆ. ಇಲ್ಲಿ ಶಾಫ್ಟು ಬೇರಿಂಗಿನ ಹೊರಗೆ ತುಂಡಾದರೆ ಚಕ್ರ ಬ್ರೇಕ್ ಡ್ರಮ್ಮಿನ ಸಮೇತ ಕಳಚಿ ಹೋಗುತ್ತದೆ.

ಡ್ರಮ್ಮು ಹೋದರೆ ಬ್ರೇಕಿನ ಗತಿ ಏನು? ಪೆಡಲ್ ಒತ್ತಿದಾಗ ತಡೆಯುವ ಡ್ರಮ್ಮಿಲ್ಲದೆ ಶೂಗಳು ಹೊರಬರುತ್ತವೆ, ಸಿಲಿಂಡರಿನ ಪಿಸ್ಟನ್ ಕಳಚಿ ಬ್ರೇಕ್ ಆಯಿಲ್ ಸುರಿದುಹೋಗುತ್ತದೆ. ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ಮಾರ್ಗವಿರುವ ಹಳೆಯ ಗಾಡಿಯಲ್ಲಿ ಇದರಿಂದ ಎಲ್ಲ ಚಕ್ರಗಳ ಬ್ರೇಕೂ ಹೋಗುತ್ತದೆ. ಒಂದು ಬದಿಯ ಶಾಫ್ಟು ಮುರಿದೊಡನೆ ಡಿಫರೆನ್ಶಿಯಲ್ ಬಲವನ್ನೆಲ್ಲ ಆ ಸಡಿಲ ಬದಿಗೇ ಬಿಡುವುದರಿಂದ ಗೇರಿನ ಹಿಡಿತವೂ ಇರುವುದಿಲ್ಲ. ಹಳೆಯ ವಿಲ್ಲಿಸ್ ವಿನ್ಯಾಸದ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಕ್ಕಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ ಪ್ರೊಪೆಲ್ಲರ್ ಶಾಫ್ಟಿಗೆ ಹಿಡಿಯುತ್ತದೆ. ಶಾಫ್ಟು ಮುರಿದ ಮೇಲೆ ಅದೂ ನಿಷ್ಪ್ರಯೋಜಕ. ಹೀಗೆ ಒಂದೇ ತುಂಡಿನಿಂದ ಮೂರು ರಕ್ಷಣೆಗಳೂ ಒಟ್ಟಿಗೇ ತಪ್ಪಬಹುದು.

ಇದಕ್ಕೆ ಉಪಾಯವಿದೆ. ಹೇರು ಹೊತ್ತು ಕಡಿದಾದ ಮಣ್ಣಿನ ಇಳುಕಲಿಗೆ ಇಳಿಯುವ ಮುನ್ನವೇ ಫೋರ್ ವೀಲ್ ಹಾಕಿ, ಲೋ ಗೇರಿಗೆ ತಂದುಕೊಳ್ಳಬೇಕು. ಆಗ ಹಿಂದೆ ಏನಾದರೂ ಮುರಿದರೂ ಮುಂದಿನ ಚಕ್ರಗಳ ಮೂಲಕ ಎಂಜಿನ್ನಿನ ಹಿಡಿತ ಉಳಿಯುತ್ತದೆ. ಮುಂದಿನ ಹಬ್ಬುಗಳಲ್ಲಿ ಲಾಕ್ ಇದ್ದರೆ ಮೊದಲೇ ಅದನ್ನು ತಿರುಗಿಸಿರಬೇಕು. ಕೈಮೀರಿದರೆ ಗಾಡಿಯನ್ನು ಕಣಿವೆಯ ಕಡೆಗಲ್ಲ, ಧರೆಯ ಕಡೆಗೆ ಒರಗಿಸಬೇಕು. ಸರಕಿನ ಗಾಡಿಯ ಹಿಂಬದಿಯಲ್ಲಿ ಹೇರಿನ ಮೇಲೆ ಆಳುಗಳನ್ನು ಕೂರಿಸುವ ಅಭ್ಯಾಸವನ್ನು ಈ ಒಂದು ಕಾರಣಕ್ಕಾದರೂ ಬಿಡಲೇಬೇಕು.

ಶಬ್ದವೇ ಸೂಚನೆ

ಹೊರಡುವಾಗ ನಿಧಾನಗತಿಯಲ್ಲಿ ಅಡಿಯಿಂದ ಚಿಂವ್ ಚಿಂವ್ ಎಂಬ ಸಣ್ಣ ಸದ್ದು ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಬೇರಿಂಗ್ ಗ್ರೀಸಿಲ್ಲದೆ ಒಣಗಿದೆ. ಇದು ಎಲ್ಲಕ್ಕಿಂತ ಮೊದಲ ಎಚ್ಚರಿಕೆ. ಇದನ್ನು ಕೇಳಿಸಿಕೊಳ್ಳದಿದ್ದರೆ ಮುಂದೆ ಗೇರು ಹಾಕಿ ಕ್ಲಚ್ ಬಿಟ್ಟಾಗ, ರಿವರ್ಸಿಗೆ ಬದಲಿಸಿದಾಗ ಟಕ್ ಎಂಬ ಹೊಡೆತ ಕೇಳತೊಡಗುತ್ತದೆ. ಕ್ರಾಸ್ ತುಂಡಾದರೆ ಶಾಫ್ಟಿನ ತುದಿ ನೆಲಕ್ಕೆ ಬಿದ್ದು ಗಾಡಿಯನ್ನೇ ಎತ್ತಿಹಾಕಬಹುದು.

ವೇಗ ಹೆಚ್ಚಿದಂತೆ ಅಡಿಯಲ್ಲಿ ನಡುಕ ಹೆಚ್ಚಿದರೆ ಶಾಫ್ಟು ಬಗ್ಗಿದೆ, ಇಲ್ಲವೇ ಬಿಚ್ಚಿ ಕೂಡಿಸುವಾಗ ಎರಡು ತುದಿಯ ಕವಲುಗಳು ಒಂದೇ ನೇರಕ್ಕೆ ಕೂತಿಲ್ಲ. ಬಿಚ್ಚುವ ಮುನ್ನ ಎರಡೂ ಕಡೆ ಗುರುತು ಹಾಕಿಕೊಂಡರೆ ಈ ತೊಂದರೆ ಬರುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಂದು ರೀತಿ, ಬಿಟ್ಟಾಗ ಇನ್ನೊಂದು ರೀತಿ ಹೌಸಿಂಗಿನಿಂದ ಗುಂಯ್‌ಗುಟ್ಟುವ ಸದ್ದು ಬಂದರೆ ಕ್ರೌನ್ ಪಿನಿಯನ್ ಸವೆದಿರಬೇಕು ಅಥವಾ ಪಿನಿಯನ್ ಬೇರಿಂಗ್ ಸಡಿಲಾಗಿರಬೇಕು. ತಿರುವಿನಲ್ಲಿ ಗಾಡಿಯ ಭಾರ ಒಂದು ಬದಿಗೆ ಬಿದ್ದಾಗ ಗುರುಗುಟ್ಟುವುದು ಹೆಚ್ಚು ಕಡಿಮೆಯಾದರೆ ಚಕ್ರದ ಬೇರಿಂಗನ್ನು ಅನುಮಾನಿಸಬೇಕು.

ನೀರು, ಕೆಸರು ಮತ್ತು ಆಯಿಲ್

ಹಳ್ಳ ಹೊಳೆ ದಾಟುವ ಗಾಡಿಗಳಿಗೆ ಇನ್ನೊಂದು ಕಾಟವಿದೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಹೌಸಿಂಗಿನ ಮೇಲಿರುವ ಉಸಿರುಗಂಡಿ ಎಂದರೆ ಬ್ರೀದರ್ ಮಣ್ಣು ಕಟ್ಟಿದ್ದರೆ ತೊಂದರೆ ಇನ್ನೂ ಹೆಚ್ಚು. ಬಿಸಿಯಾದಾಗ ಒಳಗಿನ ಒತ್ತಡ ಆಯಿಲನ್ನು ಸೀಲಿನಿಂದ ಹೊರದೂಡಿ ಬ್ರೇಕ್ ಲೈನಿಂಗಿಗೆ ಹತ್ತಿಸುತ್ತದೆ. ತಣ್ಣಗಾದಾಗ ನೀರನ್ನು ಒಳಗೆಳೆಯುತ್ತದೆ.

ಮಳೆಗಾಲ ಮುಗಿದೊಡನೆ ಹೌಸಿಂಗಿನ ಪ್ಲಗ್ ತೆಗೆದು ಆಯಿಲ್ ನೋಡಬೇಕು. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಅದನ್ನು ಪೂರ್ತಿ ಇಳಿಸಿ ಹೊಸದನ್ನು ತುಂಬುವುದೊಂದೇ ದಾರಿ. ಮೇಲಿನಿಂದ ಸ್ವಲ್ಪ ಸೇರಿಸಿದರೆ ಸಾಲದು. ಇಳಿಸಿದ ಆಯಿಲಿನಲ್ಲಿ ಬೆರಳಿಗೆ ಹತ್ತುವ ಸಣ್ಣ ಮಿನುಗು ಪುಡಿ ಸಹಜ. ಕಬ್ಬಿಣದ ಚೂರು ಸಿಕ್ಕಿದರೆ ಹೌಸಿಂಗ್ ಬಿಚ್ಚಿಸಲೇಬೇಕು. ಕ್ರೌನ್ ಪಿನಿಯನ್ನಿನ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುವುದರಿಂದ ಅಲ್ಲಿಗೆ ಎಂಜಿನ್ ಆಯಿಲ್ ತಡೆಯುವುದಿಲ್ಲ. ಹೆಚ್ಚಿನ ಒತ್ತಡಕ್ಕೆಂದೇ ಮಾಡಿದ ಗೇರ್ ಆಯಿಲ್ ಬೇಕು. ಆದರೆ ಹಿತ್ತಾಳೆಯ ಭಾಗಗಳಿರುವ ಹಳೆಯ ಗೇರ್ ಬಾಕ್ಸಿಗೆ ಹೌಸಿಂಗಿನ ಆಯಿಲೇ ಸರಿಹೋಗುತ್ತದೆಂದು ಭಾವಿಸಬಾರದು. ಎರಡಕ್ಕೂ ಯಾವ ದರ್ಜೆಯೆಂದು ಗಾಡಿಯ ಪುಸ್ತಕದಲ್ಲಿ ಹೇಳಿರುವುದನ್ನೇ ಹಾಕಬೇಕು.

ನಾವೇ ತಂದುಕೊಳ್ಳುವ ತೊಂದರೆಗಳು

ಒಂದು: ಹೆಚ್ಚು ಹೇರಲು ಸ್ಪ್ರಿಂಗಿಗೆ ಇನ್ನೆರಡು ಪಟ್ಟಿ ಸೇರಿಸುವುದು. ಇದರಿಂದ ಗಾಡಿ ಕೂರುವುದು ತಪ್ಪುತ್ತದೆಯೇ ಹೊರತು ಆಕ್ಸಲ್ಲಿನ ತಾಕತ್ತು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. 50 ಕಿಲೋದ 20 ಚೀಲ ಸೇರಿದರೆ ಒಂದು ಟನ್ ಎಂಬುದನ್ನು ಮರೆಯಬಾರದು. ಒದ್ದೆ ಮರಳಿನ ಲೆಕ್ಕ ಚೀಲದಲ್ಲಿ ತಿಳಿಯುವುದಿಲ್ಲ. ತೊಟ್ಟಿ ಅರ್ಧ ತುಂಬಿದರೂ ಗಾಡಿಯ ಮಿತಿ ಮೀರಬಹುದು.

ಎರಡು: ಒಣಗಿದ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡೇ ಓಡಿಸುವುದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕು. ಹಳೆಯ ಗಾಡಿಗಳಲ್ಲಿ ಹಿಂದು ಮುಂದಿನ ಶಾಫ್ಟುಗಳು ಕಟ್ಟಿಹಾಕಿದಂತೆ ಒಟ್ಟಿಗೇ ತಿರುಗುತ್ತವೆ. ಕೆಸರಿನಲ್ಲಾದರೆ ಚಕ್ರ ಜಾರಿ ಈ ವ್ಯತ್ಯಾಸ ತೀರುತ್ತದೆ. ಟಾರಿನಲ್ಲಿ ಜಾರದೆ ಹಗ್ಗ ಹುರಿಗೊಂಡಂತೆ ಒಳಗೆ ಬಿಗಿ ಏರುತ್ತದೆ. ಹಿಂದೆ ಮುಂದೆ ಬೇರೆ ಬೇರೆ ಅಳತೆಯ ಟಯರು ಹಾಕಿದರೂ ಇದೇ ಪರಿಣಾಮ.

ಮೂರು: ಗುಜರಿಯಿಂದ ತಂದ ಹೌಸಿಂಗನ್ನು ಅನುಪಾತ ನೋಡದೆ ಕೂಡಿಸುವುದು. ಕ್ರೌನಿನ ಹಲ್ಲು 43, ಪಿನಿಯನ್ನಿನದು 8 ಆದರೆ ಅನುಪಾತ 5.38, 39 ಮತ್ತು 8 ಆದರೆ 4.88. ಹಿಂದೊಂದು ಮುಂದೊಂದು ಆದರೆ ಫೋರ್ ವೀಲ್ ಹಾಕಿದ ದಿನವೇ ಏನಾದರೊಂದು ಮುರಿಯುವುದು ಖಚಿತ. ಕ್ರೌನ್ ಮತ್ತು ಪಿನಿಯನ್‌ಗಳನ್ನು ಯಾವಾಗಲೂ ಜೊತೆಯಾಗಿಯೇ ಬದಲಿಸಬೇಕು.

ನಾಲ್ಕು: ಮುರಿದ ಆಕ್ಸಲ್ ಶಾಫ್ಟನ್ನು ವೆಲ್ಡಿಂಗ್ ಮಾಡಿಸುವುದು. ಹದ ಕೊಟ್ಟು ಗಟ್ಟಿಗೊಳಿಸಿದ ಉಕ್ಕು ಆ ಬಿಸಿಗೆ ಹದಗೆಡುತ್ತದೆ. ಉಳಿಸಿದ ಹಣಕ್ಕಿಂತ ಕಳೆಯುವುದೇ ಹೆಚ್ಚು.

ಮನೆಯಲ್ಲೇ ಮಾಡಬಹುದಾದ ತಪಾಸಣೆ

ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ನಾಲ್ಕು ಚಕ್ರಕ್ಕೂ ಹಿಂದೆ ಮುಂದೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ. ಕ್ರಾಸಿನ ಎರಡು ಬದಿಯನ್ನೂ ಕೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ ನೋಡಿ. ಕ್ರಾಸಿನಲ್ಲಿ ಆಟ ಸ್ವಲ್ಪವೂ ಇರಬಾರದು. ಗ್ರೀಸ್ ಗನ್ನಿನಿಂದ ಕ್ರಾಸಿಗೂ ಜಾರುವ ಜಾಯಿಂಟಿಗೂ ಹೊಸ ಗ್ರೀಸ್ ಇಣುಕುವವರೆಗೆ ಹೊಡೆಯಿರಿ. ಸ್ಪ್ರಿಂಗಿನ ಯು ಬೋಲ್ಟುಗಳು ಬಿಗಿಯಾಗಿವೆಯೇ ನೋಡಿ. ಅವು ಸಡಿಲಾದರೆ ಸೆಂಟರ್ ಬೋಲ್ಟ್ ಕತ್ತರಿಸಿ ಇಡೀ ಆಕ್ಸಲ್ ಹಿಂದಕ್ಕೆ ಸರಿಯುತ್ತದೆ. ಚಕ್ರದ ಒಳಮೈಯಲ್ಲಿ ಆಯಿಲಿನ ತೇವವಿದ್ದರೆ ಸೀಲು ಹೋಗಿದೆ. ನಡುವೆ ದೊಡ್ಡ ನಟ್ಟಿರುವ ಹಬ್ಬಿನಲ್ಲಿ ನಟ್ಟಿನ ಬಿಗಿ ನೋಡಿಸಿ. ಪಿನ್ನಿನ ತೂತು ನೇರಕ್ಕೆ ಬಾರದಿದ್ದರೆ ಇನ್ನಷ್ಟು ಬಿಗಿದು ನೇರ ಮಾಡಬೇಕೇ ಹೊರತು ಎಂದೂ ಸಡಿಲಿಸಬಾರದು.

ಜಾಕಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಪ್ರೊಪೆಲ್ಲರ್ ಶಾಫ್ಟಿಗೆ ಹ್ಯಾಂಡ್ ಬ್ರೇಕ್ ಇರುವ ಜೀಪಿನಲ್ಲಿ ಹಿಂದಿನ ಒಂದು ಚಕ್ರ ಎತ್ತಿದೊಡನೆ ಆ ಬ್ರೇಕ್ ಗಾಡಿಯನ್ನು ತಡೆಯದು. ಎತ್ತಿದ ಚಕ್ರ ಹಿಂದಕ್ಕೆ ಸುತ್ತಿದರೆ ನೆಲದ ಮೇಲಿನ ಚಕ್ರ ಮುಂದಕ್ಕೆ ಉರುಳಬಲ್ಲದು. ಗೇರಿನಲ್ಲಿಟ್ಟರೂ ಹೀಗೆಯೇ. ಚಕ್ರಕ್ಕೆ ಕಲ್ಲು ಕೊಡದೆ ಜಾಕ್ ಹಾಕಬೇಡಿ. ಜಾಕ್ ಒಂದನ್ನೇ ನಂಬಿ ಗಾಡಿಯ ಅಡಿಗೆ ತಲೆ ಕೊಡಬೇಡಿ. ಗಟ್ಟಿ ಮರದ ದಿಮ್ಮಿಗಳನ್ನು ಅಡ್ಡಲಾಗಿ ಪೇರಿಸಿ ಹೌಸಿಂಗನ್ನು ಅದರ ಮೇಲೆ ಕೂರಿಸಿದ ಬಳಿಕವೇ ಕೆಲಸಕ್ಕೆ ಇಳಿಯಬೇಕು.

ಈ ತಪಾಸಣೆಗೆ ವರ್ಷದಲ್ಲಿ ಎರಡು ಸಲ ಬಿಡುವು ಮಾಡಿಕೊಂಡರೆ ಸಾಕು. ಮೊದಲನೆಯದು ಮುಂಗಾರಿಗೆ ಮುನ್ನ ಮೇ ತಿಂಗಳಲ್ಲಿ, ಎರಡನೆಯದು ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ, ಅಡಿಕೆ ಮತ್ತು ಕಾಫಿ ಕೊಯ್ಲು ಬಿರುಸಾಗುವ ಮೊದಲು. ಆಯಿಲ್ ಬದಲಿಸಿದ ದಿನ, ಬದಲಿಸಿದ ಭಾಗ ಇವನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದು ಗಾಡಿಯಲ್ಲೇ ಇಟ್ಟುಕೊಳ್ಳಿ. ಒಂದು ಕ್ರಾಸ್, ಎರಡು ಸೀಲು, ಒಂದು ಸೆಂಟರ್ ಬೋಲ್ಟ್ ಮನೆಯಲ್ಲಿ ಇದ್ದರೆ ಪೇಟೆಗೆ ಓಡುವ ಒಂದು ದಿನ ಉಳಿಯುತ್ತದೆ. ಅಕ್ಕಪಕ್ಕದ ನಾಲ್ಕು ಮನೆಗಳಲ್ಲಿ ಒಂದೇ ಮಾದರಿಯ ಗಾಡಿಯಿದ್ದರೆ ಈ ಬಿಡಿಭಾಗಗಳನ್ನೂ ಒಂದು ಒಳ್ಳೆಯ ಗ್ರೀಸ್ ಗನ್ನನ್ನೂ ಕೂಡಿ ಕೊಳ್ಳಬಹುದು. ಒಬ್ಬರಿಗೆ ಹೊರೆಯಾಗುವುದನ್ನು ನಾಲ್ವರು ಹೊರುವುದು ನಮ್ಮ ಬೆಳೆಗಾರರಿಗೆ ಹೊಸ ಪಾಠವೇನಲ್ಲ.