ಸಾಲದ ಹಬ್ಬ ಬೇಡ

ಹಬ್ಬ ಬಂದರೆ ಮನೆಮಂದಿಗೆಲ್ಲ ಸಂತೋಷ. ಆದರೆ ಸಾಲ ಮಾಡಿ ಹಬ್ಬ ಮಾಡಿದರೆ ಆ ಸಂತೋಷ ಉಳಿಯುವುದೇ?

ಸಂತ ಗಾಡಗೆ ಬಾಬಾ (1876-1956) ಮಹಾರಾಷ್ಟ್ರದ ಊರೂರು ತಿರುಗಿದರು. ಹಗಲು ಕಸಬರಿಗೆ ಹಿಡಿದು ಬೀದಿ ಗುಡಿಸುತ್ತಿದ್ದರು. ರಾತ್ರಿ ಕೀರ್ತನೆ ಮಾಡುತ್ತ, ಹಬ್ಬ-ಜಾತ್ರೆಗಳಿಗಾಗಿ ಸಾಲ ಮಾಡಬಾರದೆಂದು ತಿಳಿಹೇಳುತ್ತಿದ್ದರು.

ಹಬ್ಬದೂಟ ಒಂದೇ ದಿನಕ್ಕೆ ಮುಗಿಯುತ್ತದೆ. ಸಾಲದ ಬಡ್ಡಿ ವರ್ಷವಿಡೀ ಬೆಳೆಯುತ್ತದೆ. ಅದನ್ನು ತೀರಿಸಲು ಬಡವರು ಹೊಲವನ್ನೇ ಮಾರಬೇಕಾದೀತು.

ಜನರು ಕೊಟ್ಟ ಹಣವನ್ನು ಬಾಬಾ ತಮಗಾಗಿ ಬಳಸಲಿಲ್ಲ. ಅದರಿಂದ ಪಂಢರಪುರ, ನಾಶಿಕ ಮೊದಲಾದೆಡೆ ಬಡ ಯಾತ್ರಿಕರಿಗೆ ಧರ್ಮಶಾಲೆಗಳನ್ನು ಕಟ್ಟಿಸಿದರು. ಹಸಿದವರಿಗೆ ಅನ್ನ, ಬಡಮಕ್ಕಳಿಗೆ ವಿದ್ಯೆ ದೊರೆಯಬೇಕೆಂದು ದುಡಿದರು.

ಮಕ್ಕಳೇ, ಹಬ್ಬ ಬೇಡವೆಂದಲ್ಲ. ಇದ್ದುದರಲ್ಲಿಯೇ ಹೋಳಿಗೆ ಮಾಡೋಣ. ನೆರೆಮನೆಯ ಒಲೆ ಉರಿಯದಿದ್ದರೆ ಅಲ್ಲಿಗೂ ಎರಡು ಹೋಳಿಗೆ ಕಳಿಸೋಣ.