ಮೇರ್ಸ್ಕ್‌ನ ಕೈ ಹಿಡಿದ ಕರೆಂಟ್ ಕಟ್

2017ರ ಜೂನ್ 27. ಕೋಪನ್‌ಹೇಗನ್‌ನ ಮೇರ್ಸ್ಕ್ ಮುಖ್ಯ ಕಚೇರಿಯಲ್ಲಿ ಕಂಪ್ಯೂಟರ್ ಪರದೆಗಳು ಒಂದರ ಹಿಂದೊಂದು ಕಪ್ಪಾದವು. ಎಲ್ಲವನ್ನೂ ಆಫ್ ಮಾಡಿ ಎಂದು ಕೂಗುತ್ತ ಸಿಬ್ಬಂದಿ ಕಾರಿಡಾರ್ ತುಂಬ ಓಡಿದರು.

ಕಾರಣ ನಾಟ್‌ಪೆಟ್ಯಾ ಎಂಬ ಮಾಲ್‌ವೇರ್. ಗುರಿ ಇದ್ದದ್ದು ಉಕ್ರೇನ್ ಮೇಲೆ. ಅಲ್ಲಿನ ಲೆಕ್ಕಪತ್ರದ ಸಾಫ್ಟ್‌ವೇರ್ ಒಂದರ ಅಪ್‌ಡೇಟ್‌ನಲ್ಲಿ ಅದು ಅಡಗಿತ್ತು. ಏಟು ಬಿದ್ದದ್ದು ಮಾತ್ರ ಆಗ ಜಗತ್ತಿನ ಅತಿ ದೊಡ್ಡದಾಗಿದ್ದ ಈ ಕಂಟೇನರ್ ಹಡಗು ಕಂಪನಿಗೂ.

ಹಡಗುಗಳಿಗೆ ಏನೂ ಆಗಲಿಲ್ಲ, ತೇಲುತ್ತಲೇ ಇದ್ದವು. ಆದರೆ ಯಾವ ಪೆಟ್ಟಿಗೆಯಲ್ಲಿ ಏನಿದೆ, ಅದು ಯಾರಿಗೆ ಹೋಗಬೇಕು ಎಂದು ಹೇಳುವವರೇ ಇಲ್ಲ! ಅಮೆರಿಕದ ನ್ಯೂಜೆರ್ಸಿಯಲ್ಲಿ ಟರ್ಮಿನಲ್ ಗೇಟಿನ ಮುಂದೆ ಲಾರಿಗಳು ಸಾಲುಗಟ್ಟಿದವು. ಮುಂಬೈ ಪಕ್ಕದ ನ್ಹಾವಾ ಶೇವಾದಲ್ಲಿ ಇದೇ ಸಮೂಹದ ಟರ್ಮಿನಲ್ ಕೂಡ ಸ್ತಬ್ಧ.

ಇಡೀ ಜಾಲವನ್ನು ಮತ್ತೆ ಕಟ್ಟಲು ಬೇಕಾದ ಮೂಲ ದತ್ತಾಂಶ ಸುಮಾರು 150 ಸರ್ವರ್‌ಗಳಲ್ಲಿತ್ತು. ಒಂದು ಕೆಟ್ಟರೆ ಇನ್ನೊಂದಿದೆ ಎಂಬ ಧೈರ್ಯ. ಎಲ್ಲವೂ ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಘಾನಾದ ಒಂದೇ ಒಂದು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು, ಅಷ್ಟೇ!

ದುರಸ್ತಿ ನಡೆಯುತ್ತಿದ್ದ ಬ್ರಿಟನ್‌ಗೆ ಆ ದತ್ತಾಂಶ ತಲುಪಬೇಕಿತ್ತು. ಘಾನಾ ಕಚೇರಿಯ ಇಂಟರ್ನೆಟ್ ತೀರಾ ನಿಧಾನ. ಅಲ್ಲಿನ ಸಿಬ್ಬಂದಿಗೆ ಬ್ರಿಟನ್ ವೀಸಾ ಇಲ್ಲ. ಕೊನೆಗೆ ಒಬ್ಬರು ಹಾರ್ಡ್ ಡಿಸ್ಕ್ ಹಿಡಿದು ನೈಜೀರಿಯಾಕ್ಕೆ ಹಾರಿದರು. ಅಲ್ಲಿ ಅದನ್ನು ಪಡೆದ ಸಹೋದ್ಯೋಗಿ ಲಂಡನ್ ವಿಮಾನ ಹತ್ತಿದರು.

ಹತ್ತು ದಿನಗಳಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳಿಗೆ ಹೊಸದಾಗಿ ಸಾಫ್ಟ್‌ವೇರ್ ಹಾಕಲಾಯಿತು. ಕಂಪನಿಯೇ ಹೇಳಿದ ನಷ್ಟ 25ರಿಂದ 30 ಕೋಟಿ ಡಾಲರ್.