ಸಾವಯವ ಕೃಷಿಗೆ ಪರಿವರ್ತನೆ: ರೈತರಿಗಿರುವ ನೆರವು ಮತ್ತು ವರ್ತಕರ ಪಾತ್ರ

ಸಾವಯವ ಧಾನ್ಯ, ಬೇಳೆಕಾಳು ಹಾಗೂ ಸಾಂಬಾರ ಪದಾರ್ಥಗಳ ವ್ಯವಹಾರಕ್ಕೆ ಇಳಿಯುವ ವರ್ತಕರು ಮೊದಲು ಎದುರಿಸುವ ಪ್ರಶ್ನೆ, ಪ್ರಮಾಣೀಕೃತ ಸರಕು ಎಲ್ಲಿಂದ ದೊರೆತೀತು ಎಂಬುದು. ಇದಕ್ಕೆ ಉತ್ತರವನ್ನು ಮಾರುಕಟ್ಟೆಗಿಂತ ಮೊದಲು ರೈತನ ಹೊಲದಲ್ಲಿ, ಅದರಲ್ಲಿಯೂ ಪರಿವರ್ತನೆಯ ಅವಧಿಯಲ್ಲಿ ಹುಡುಕಬೇಕಾಗುತ್ತದೆ.

ಪರಿವರ್ತನೆಯ ಅವಧಿ ಎಂದರೇನು?

2001ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮಗಳಂತೆ, ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮುನ್ನ ಸಾಮಾನ್ಯವಾಗಿ ಎರಡು ವರ್ಷ ಹಾಗೂ ಕಾಫಿ, ಮೆಣಸು, ತೆಂಗಿನಂತಹ ಬಹುವಾರ್ಷಿಕ ಬೆಳೆಗಳಿಗೆ ಮೊದಲ ಕೊಯ್ಲಿಗೆ ಮುನ್ನ ಮೂರು ವರ್ಷ ಭೂಮಿಯನ್ನು ಸಾವಯವ ಪದ್ಧತಿಯಲ್ಲಿ ನಿರ್ವಹಿಸಿರಬೇಕು. ಈ ಅವಧಿಯಲ್ಲಿ ರಾಸಾಯನಿಕ ಗೊಬ್ಬರ ನಿಂತಿರುತ್ತದೆ, ಕಳೆ ತೆಗೆಯುವ ಕೂಲಿ ಹೆಚ್ಚುತ್ತದೆ, ಇಳುವರಿ ಕುಗ್ಗುವ ಸಂಭವವಿರುತ್ತದೆ. ಆದರೆ ಉತ್ಪನ್ನವನ್ನು ಸಾವಯವವೆಂದು ಮಾರುವಂತಿಲ್ಲ. ಸಾವಯವದ ಖರ್ಚು, ಸಾಮಾನ್ಯ ಸರಕಿನ ಬೆಲೆ: ರೈತನು ಅರ್ಧದಾರಿಯಲ್ಲಿ ಹಿಂದೆ ಸರಿಯುವುದು ಇಲ್ಲಿಯೇ.

ಸರ್ಕಾರದ ನೆರವು

ಕರ್ನಾಟಕವು 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ರೂಪಿಸಿತು. ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆಯು 2015-16ರಲ್ಲಿ ಆರಂಭವಾಯಿತು. ರೈತರನ್ನು ಗುಂಪುಗಳಾಗಿ ಸಂಘಟಿಸುವ ಈ ಯೋಜನೆಯಲ್ಲಿ, 2022ರ ಪರಿಷ್ಕರಣೆಯಂತೆ, ಮೂರು ವರ್ಷಗಳಿಗೆ ಹೆಕ್ಟೇರಿಗೆ 31,500 ರೂಪಾಯಿ ನಿಗದಿಯಾಗಿದೆ. ಇದರಲ್ಲಿ 15,000 ರೂಪಾಯಿ ಸಾವಯವ ಪರಿಕರಗಳಿಗಾಗಿ ನೇರವಾಗಿ ರೈತನ ಖಾತೆಗೆ ಸೇರುತ್ತದೆ. ಮಾರಾಟ, ಪ್ಯಾಕಿಂಗ್ ಮತ್ತು ಮೌಲ್ಯವರ್ಧನೆಗೆ 4,500 ರೂಪಾಯಿ, ಪ್ರಮಾಣೀಕರಣ ಹಾಗೂ ಉಳಿಕೆ ಪರೀಕ್ಷೆಗೆ 3,000 ರೂಪಾಯಿ ಮೀಸಲಾಗಿದೆ.

ಲೆಕ್ಕ ಹಾಕಿದರೆ, ರೈತನ ಕೈಗೆ ಬರುವುದು ವರ್ಷಕ್ಕೆ ಎಕರೆಗೆ ಸುಮಾರು 2,000 ರೂಪಾಯಿ. ಇದು ಗೊಬ್ಬರದ ಖರ್ಚಿಗೆ ಆಸರೆಯಾದೀತೇ ಹೊರತು ಇಳುವರಿಯ ನಷ್ಟವನ್ನು ತುಂಬಲಾರದು. ಸಹಾಯಧನವು ಬೆಳೆಯನ್ನು ಕೊಳ್ಳುವುದಿಲ್ಲ, ಕೊಳ್ಳಬೇಕಾದವರು ವರ್ತಕರು.

ವರ್ತಕರು ಏನು ಮಾಡಬಹುದು?

ಪ್ರಮಾಣೀಕರಣ ವ್ಯವಸ್ಥೆಯಡಿ ಒಂದು ವರ್ಷ ಪೂರೈಸಿದ ಹೊಲದ ಬೆಳೆಯನ್ನು 'ಪರಿವರ್ತನೆಯ ಹಂತದ ಉತ್ಪನ್ನ'ವೆಂದು ಮಾರಲು ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅವಕಾಶವಿದೆ. 2011ರಲ್ಲಿ ಬಂದ ಸಹಭಾಗಿತ್ವ ಖಾತರಿ ವ್ಯವಸ್ಥೆಯಲ್ಲಿಯೂ ಈ ಹಂತಕ್ಕೆ 'ಪಿಜಿಎಸ್ ಗ್ರೀನ್' ಎಂಬ ಪ್ರತ್ಯೇಕ ಗುರುತಿದೆ. ಈ ಸರಕಿಗೆ ಸಾಮಾನ್ಯ ಬೆಲೆಗಿಂತ ಅಲ್ಪ ಹೆಚ್ಚಳ ನೀಡಿ, ಪ್ರಮಾಣಪತ್ರ ದೊರೆತ ನಂತರದ ಬೆಳೆಗೂ ಮುಂಗಡ ಒಪ್ಪಂದ ಮಾಡಿಕೊಳ್ಳುವ ವರ್ತಕರಿಗೆ, ಮೂರನೆಯ ವರ್ಷ ಖಚಿತ ಸರಬರಾಜಿನ ಭರವಸೆ ಇರುತ್ತದೆ. ಒಬ್ಬರಿಗೆ ಭಾರವೆನಿಸಿದಲ್ಲಿ ನಾಲ್ಕಾರು ವರ್ತಕರು ಸೇರಿ ಒಂದು ರೈತ ಗುಂಪಿನೊಡನೆ ಒಪ್ಪಂದ ಮಾಡಿಕೊಳ್ಳಬಹುದು.

ಒಂದು ಎಚ್ಚರಿಕೆ ಅಗತ್ಯ. ಸಹಭಾಗಿತ್ವ ವ್ಯವಸ್ಥೆಯ ಪ್ರಮಾಣಪತ್ರವು ದೇಶೀಯ ಮಾರುಕಟ್ಟೆಗೆ ಮಾತ್ರ. ರಫ್ತಿಗೆ ಅಪೆಡಾ ನಿರ್ವಹಿಸುವ ರಾಷ್ಟ್ರೀಯ ಕಾರ್ಯಕ್ರಮದಡಿ ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣಪತ್ರವೇ ಬೇಕು. ಆದುದರಿಂದ ಯಾವ ಮಾರುಕಟ್ಟೆ ಎಂಬುದನ್ನು ರೈತರೊಡನೆ ಮೊದಲೇ ನಿರ್ಧರಿಸಿಕೊಳ್ಳುವುದು ಲೇಸು.

ಗಿರಣಿ ಹಾಗೂ ಗೋದಾಮುಗಳ ಹೊಣೆ

ರೈತನು ಮೂರು ವರ್ಷ ಪಟ್ಟ ಶ್ರಮವು ಗಿರಣಿಯಲ್ಲಿ ಒಂದೇ ದಿನದಲ್ಲಿ ವ್ಯರ್ಥವಾಗಬಹುದು. ರಾಷ್ಟ್ರೀಯ ಕಾರ್ಯಕ್ರಮದಡಿ ಸಂಸ್ಕರಣಾ ಘಟಕವೂ, ವ್ಯಾಪಾರ ಸಂಸ್ಥೆಯೂ ಪ್ರಮಾಣೀಕೃತವಾಗಿರಬೇಕು. ನಡುವೆ ಒಂದು ಕೊಂಡಿ ತಪ್ಪಿದರೂ ಸರಕು ಸಾವಯವವೆನಿಸುವುದಿಲ್ಲ. ಯಂತ್ರಗಳ ಶುದ್ಧೀಕರಣ, ಪ್ರತ್ಯೇಕ ದಾಸ್ತಾನು ಹಾಗೂ ಪ್ರತಿ ಚೀಲದ ಲೆಕ್ಕಪತ್ರ ಕಡ್ಡಾಯ. ಅಲ್ಯೂಮಿನಿಯಂ ಫಾಸ್ಫೈಡ್, ಮೀಥೈಲ್ ಬ್ರೋಮೈಡ್‌ಗಳಂತಹ ಧೂಮೀಕರಣ ನಿಷಿದ್ಧ. ಸಾವಯವ ಆಹಾರದ ಚೀಟಿ ಮತ್ತು ಚಿಹ್ನೆಗಳಿಗೆ 2017ರ ಆಹಾರ ಸುರಕ್ಷತಾ ನಿಯಮಗಳೂ ಅನ್ವಯಿಸುತ್ತವೆ.

ಎರೆಗೊಬ್ಬರ, ಜೈವಿಕ ಗೊಬ್ಬರಗಳ ತಯಾರಿಕೆಯು ಸಣ್ಣ ಉದ್ದಿಮೆಗೆ ಮತ್ತೊಂದು ಅವಕಾಶ. ಇವು 2006ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಸೇರಿರುವುದರಿಂದ, ನಿಗದಿತ ಗುಣಮಟ್ಟವನ್ನು ಕಾಯ್ದುಕೊಳ್ಳದೆ ಮಾರುವಂತಿಲ್ಲ.

ಮುಂಗಾರಿಗೆ ಮುನ್ನವೇ ಕೃಷಿ ಇಲಾಖೆಯ ಮೂಲಕ ಸಮೀಪದ ರೈತ ಗುಂಪುಗಳನ್ನು ಗುರುತಿಸಿ, ಅವು ಪರಿವರ್ತನೆಯ ಯಾವ ವರ್ಷದಲ್ಲಿವೆ ಎಂದು ವಿಚಾರಿಸುವುದು ಮೊದಲ ಹೆಜ್ಜೆ. ಪರಿವರ್ತನೆಯ ವರ್ಷಗಳಲ್ಲಿ ಜೊತೆಗಿದ್ದ ವರ್ತಕರನ್ನು ಪ್ರಮಾಣಪತ್ರ ಬಂದ ಮೇಲೆ ರೈತರು ಮರೆಯಲಾರರು.